ಮುಖ ಆಮೇಲೆ, ಅಕ್ಷರ ಮೊದಲು: ರೋಮನ್ ಬೆಳ್ಳಿ ನಾಣ್ಯ ಗುರುತಿಸುವ ಬಗೆ

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಕಾಮಗಾರಿಗೆ ನೆಲ ಅಗೆಯುವಾಗ 163 ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೊಂದು ನಿಧಿ ಸಿಕ್ಕಿತು, ಅದರಲ್ಲಿ 256 ನಾಣ್ಯಗಳು. ಎರಡೂ ಕಡೆ ಸಿಕ್ಕಿದ್ದು ರೋಮನ್ ಸಾಮ್ರಾಜ್ಯದ ದಿನಾರಿಯಸ್. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಇದೇ ನಾಣ್ಯ ಬಂದಿದೆ. ಅಲ್ಲಿನ ಮಣ್ಣಿನ ಪದರಗಳ ಕಾಲ ನಿರ್ಧರಿಸಲು ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅವನ್ನು ಆಧಾರವಾಗಿ ಬಳಸಿಕೊಂಡರು. ಹಾಗಾಗಿ ಇಂಥ ನಾಣ್ಯ ಹಳೆಯ ಸಂಗ್ರಹಗಳಲ್ಲಿ, ಅಕ್ಕಸಾಲಿಗರ ಅಂಗಡಿಗಳಲ್ಲಿ, ಹರಾಜುಗಳಲ್ಲಿ ನಮ್ಮವರ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ.

ಅದು ಕೈಗೆ ಬಂದ ಕೂಡಲೇ ಎಲ್ಲರೂ ಮುಖ ನೋಡಿ ಯಾವ ಚಕ್ರವರ್ತಿ ಇರಬಹುದು ಎಂದು ಊಹಿಸಲು ಹೊರಡುತ್ತಾರೆ. ಮುಖವನ್ನು ನೆಚ್ಚಿಕೊಳ್ಳಬೇಡಿ. ಅಚ್ಚು ಕೊರೆದವನ ಕೈಚಳಕ, ಸುತ್ತಿಗೆಯ ಏಟು, ಎರಡು ಸಾವಿರ ವರ್ಷದ ಸವೆತ ಎಲ್ಲ ಸೇರಿ ಒಬ್ಬನನ್ನೇ ಹತ್ತು ಜನರಂತೆ ತೋರಿಸುತ್ತವೆ. ಮೊದಲು ತೂಕ ನೋಡಿ, ಆಮೇಲೆ ತಲೆಯ ಮೇಲಿನ ಕಿರೀಟ, ಆಮೇಲೆ ಅಕ್ಷರ, ಆಮೇಲೆ ಹಿಂಬದಿಯ ಚಿತ್ರ. ಈ ನಾಲ್ಕೂ ಒಂದಕ್ಕೊಂದು ತಾಳೆಯಾದ ಮೇಲೆಯೇ ಹೆಸರು ಹೇಳಬೇಕು.

ತೂಕಕ್ಕೆ ಎರಡು ದಶಮಾಂಶ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಅಗಸ್ಟಸ್‌ನ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ದಿನಾರಿಯಸ್ ಹೊಡೆಯುತ್ತಿದ್ದರು. ಅಂದರೆ ಒಂದೊಂದೂ ಹೆಚ್ಚುಕಡಿಮೆ 3.9 ಗ್ರಾಂ. ಚಲಾವಣೆಯಲ್ಲಿ ಸವೆದು ಈಗ 3.6, 3.7 ಬರುವುದು ಸಹಜ. ಅಗಲ 17ರಿಂದ 20 ಮಿಲಿಮೀಟರ್. ಕ್ರಿ.ಶ. 64ರಲ್ಲಿ ನೀರೊ ಅದೇ ಪೌಂಡಿಗೆ 96 ನಾಣ್ಯ ಹೊಡೆಸಿದ, ಬೆಳ್ಳಿಗೆ ತಾಮ್ರವನ್ನೂ ಹೆಚ್ಚು ಬೆರೆಸಿದ. ಅಲ್ಲಿಂದ ಮುಂದೆ 3.4 ಗ್ರಾಂನ ಆಸುಪಾಸು. ಕ್ಲಾಡಿಯಸ್‌ನ ಕಾಲದಲ್ಲಿ ಬಿರುಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದ ರೋಮನ್ನನೊಬ್ಬನ ಕಥೆಯನ್ನು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಬೇರೆ ಬೇರೆ ದೊರೆಗಳ ಮುಖವಿದ್ದರೂ ಅವನ ಬಳಿಯಿದ್ದ ದಿನಾರಿಯಸ್‌ಗಳೆಲ್ಲ ಒಂದೇ ತೂಕ ತೂಗಿದ್ದನ್ನು ಕಂಡು ಅಲ್ಲಿನ ರಾಜ ರೋಮನ್ನರ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡನಂತೆ. ನಮ್ಮ ಕಡೆಯ ವರ್ತಕರಿಗೂ ಆ ನಾಣ್ಯದಲ್ಲಿ ಹಿಡಿಸಿದ್ದು ಇದೇ ಇರಬೇಕು. ಭಾರತದ ನಿಧಿಗಳಲ್ಲಿ ನೀರೊನ ಸುಧಾರಣೆಗೆ ಮೊದಲಿನ ಬೆಳ್ಳಿಯೇ ತುಂಬಿದೆ, ಅನಂತರದ್ದು ತೀರಾ ಕಡಿಮೆ. ಹೊಲ ಉಳುವಾಗ ಸಿಕ್ಕಿತು ಎಂದು ಯಾರಾದರೂ ಮೂರನೆಯ ಶತಮಾನದ ಬೆಳ್ಳಿ ನಾಣ್ಯ ತೋರಿಸಿದರೆ ಆ ಕಥೆಯನ್ನು ಇನ್ನೊಮ್ಮೆ ವಿಚಾರಿಸಿ.

ಆದ್ದರಿಂದ ಕನ್ನಡ ನಾಡಿನ ಓದುಗರು ಎರಡೇ ನಾಣ್ಯಗಳಿಂದ ಶುರು ಮಾಡುವುದು ಒಳ್ಳೆಯದು. ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಅತಿ ಹೆಚ್ಚು ಕಾಣುವುದು ಇವೆರಡೇ ಮಾದರಿ. ಎರಡೂ ಈಗಿನ ಫ್ರಾನ್ಸಿನ ಲಿಯೋನ್, ಅಂದಿನ ಲುಗ್ಡುನಮ್ ಟಂಕಸಾಲೆಯವು.

ಮೊದಲನೆಯದು ಅಗಸ್ಟಸ್‌ನದು. ಮುಂಬದಿಯಲ್ಲಿ ಲಾರೆಲ್ ಎಲೆಯ ಮಾಲೆ ತೊಟ್ಟ, ಬಲಕ್ಕೆ ತಿರುಗಿದ ತಲೆ. ಹಿಂಬದಿಯಲ್ಲಿ ಟೋಗಾ ಹೊದ್ದ ಇಬ್ಬರು ಯುವಕರು ಎದುರು ನೋಡುತ್ತ ನಿಂತಿದ್ದಾರೆ. ಇಬ್ಬರ ನಡುವೆ ಎರಡು ದುಂಡು ಗುರಾಣಿ, ಅವುಗಳ ಹಿಂದೆ ಈಟಿಗಳು. ಇವರು ಅಗಸ್ಟಸ್‌ನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ಅಗಸ್ಟಸ್ ಇವರನ್ನು ದತ್ತು ತೆಗೆದುಕೊಂಡಿದ್ದ. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ತಲೆಗಳ ನಡುವೆ ಮೇಲುಗಡೆ ಭೂತಗನ್ನಡಿ ಹಿಡಿದು ನೋಡಿ: ಒಂದು ಪೂಜೆಯ ಸೌಟು, ಇನ್ನೊಂದು ತುದಿ ಸುರುಳಿ ಸುತ್ತಿದ ಪುರೋಹಿತರ ಕೋಲು. ಕೆಲವು ಅಚ್ಚುಗಳಲ್ಲಿ ಸೌಟು ಎಡಕ್ಕೆ, ಕೋಲು ಬಲಕ್ಕೆ, ಇನ್ನು ಕೆಲವದರಲ್ಲಿ ಅದಲುಬದಲು. ನಾಣ್ಯ ಎಷ್ಟೇ ಸವೆದಿದ್ದರೂ ಆ ಎರಡು ಗುರಾಣಿಗಳ ಉಬ್ಬು ಉಳಿದಿರುತ್ತದೆ. ಬೆರಳ ತುದಿಗೂ ಅದು ಸಿಗುತ್ತದೆ.

ಎರಡನೆಯದು ಟೈಬೀರಿಯಸ್‌ನದು (ಕ್ರಿ.ಶ. 14–37). ಮುಂಬದಿಯಲ್ಲಿ ಲಾರೆಲ್ ಮಾಲೆಯ ತಲೆ, ಹಿಂಬದಿಯಲ್ಲಿ ಬಲಕ್ಕೆ ಮುಖ ಮಾಡಿ ಕುರ್ಚಿಯಲ್ಲಿ ಕುಳಿತ ಹೆಂಗಸು. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಆಲಿವ್ ರೆಂಬೆ. ಆಕೆ ಶಾಂತಿದೇವತೆಯ ರೂಪದಲ್ಲಿರುವ ರಾಜಮಾತೆ ಲಿವಿಯಾ ಎಂದು ಬಹಳ ಜನ ಹೇಳುತ್ತಾರೆ. ಸುತ್ತಲಿನ ಬರಹ ‘ಪಾಂಟಿಫ್ ಮ್ಯಾಕ್ಸಿಮ್’, ಅಂದರೆ ಮಹಾ ಪುರೋಹಿತ. ಬೈಬಲಿನಲ್ಲಿ ಯೇಸು ತರಿಸಿ ನೋಡಿದ ತೆರಿಗೆಯ ನಾಣ್ಯ ಇದೇ ಎಂಬುದು ವಾಡಿಕೆಯ ನಂಬಿಕೆ. ಅದಕ್ಕಾಗಿಯೇ ಮಾರುಕಟ್ಟೆಯಲ್ಲಿ ಇದರ ಬೆಲೆ ಹೆಚ್ಚು, ನಕಲಿಯೂ ಹೆಚ್ಚು. ಟೈಬೀರಿಯಸ್ ಈ ಚಿತ್ರವನ್ನು ವರ್ಷಗಟ್ಟಲೆ ಬದಲಿಸಲೇ ಇಲ್ಲ. ಬದಲಾದದ್ದು ಸಣ್ಣಪುಟ್ಟ ವಿವರಗಳು. ಕುರ್ಚಿಯ ಕಾಲು ನೋಡಿ: ಬೋಳಾಗಿದೆಯೇ, ಕಡೆದ ಅಲಂಕಾರವಿದೆಯೇ? ಕಾಲ ಕೆಳಗೆ ಒಂದೇ ಗೆರೆಯೇ, ಎರಡೇ? ಇಷ್ಟರ ಮೇಲೆಯೇ ವಿದ್ವಾಂಸರು ಇದನ್ನು ಬೇರೆ ಬೇರೆ ಗುಂಪು ಮಾಡಿದ್ದಾರೆ.

ಇವೆರಡರ ಅನುಕರಣೆಗಳನ್ನು ಭಾರತದಲ್ಲೇ ಆ ಕಾಲದಲ್ಲಿ ಹೊಡೆದಿದ್ದಾರೆ. ಚಿತ್ರ ಸುಮಾರಾಗಿ ಸರಿ ಇರುತ್ತದೆ, ಬರಹ ಮಾತ್ರ ಅರ್ಥವಿಲ್ಲದ ಗೆರೆ, ಕಡ್ಡಿ, ಸೊನ್ನೆಗಳ ಸಾಲು. ಲ್ಯಾಟಿನ್ ಬಾರದವನು ನೋಡಿ ನೋಡಿ ಕೊರೆದದ್ದು ಎಂದು ಕಂಡ ಕೂಡಲೇ ತಿಳಿಯುತ್ತದೆ. ಅದನ್ನು ಖೋಟಾ ಎಂದು ಬಿಸಾಡಬೇಡಿ. ಇತಿಹಾಸದ ದೃಷ್ಟಿಯಿಂದ ಅದು ಮೂಲ ನಾಣ್ಯಕ್ಕಿಂತ ಅಪರೂಪದ ಸಾಕ್ಷಿ. ಕೆಲವು ನಾಣ್ಯಗಳ ಮುಖದ ಮೇಲೆ ಇಲ್ಲಿನ ವರ್ತಕರು ಒತ್ತಿದ ಸಣ್ಣ ಸಣ್ಣ ಮುದ್ರೆಗಳೂ ಇರುತ್ತವೆ, ಅವನ್ನೂ ಗುರುತು ಹಾಕಿಕೊಳ್ಳಿ.

ಇನ್ನು ಅಕ್ಷರ. ನನ್ನ ಮಟ್ಟಿಗೆ ಈ ಹವ್ಯಾಸದ ಸುಖವೆಲ್ಲ ಇಲ್ಲೇ ಇದೆ. ಇಂಗ್ಲಿಷಿನ ದೊಡ್ಡ ಅಕ್ಷರ ಬಲ್ಲ ಯಾರು ಬೇಕಾದರೂ ಓದಬಹುದು. ‘ಯು’ ಬರಬೇಕಾದ ಕಡೆ ‘ವಿ’ ಇರುತ್ತದೆ, ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಮುಕ್ಕಾಲು ಪಾಲು ಪದಗಳು ಸಂಕ್ಷೇಪಗಳೇ. ಬರಹ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಹೆಚ್ಚಿನವು ಎಡ ಕೆಳಭಾಗದಲ್ಲಿ, ಕತ್ತಿನ ಬುಡದಿಂದ ಶುರುವಾಗುತ್ತವೆ, ಟೈಬೀರಿಯಸ್‌ನ ನಾಣ್ಯದಲ್ಲಿ ಬಲ ಮೇಲ್ಭಾಗದಿಂದ. ಒಂದೇ ಬಲ್ಬಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀಳಿಸಿ ನಾಣ್ಯವನ್ನು ನಿಧಾನವಾಗಿ ತಿರುಗಿಸಿ. ನೇರ ಬೆಳಕಿನಲ್ಲಿ ಇಲ್ಲವೇ ಇಲ್ಲ ಎನಿಸಿದ ಅಕ್ಷರದ ನೆರಳು ಆಗ ಏಳುತ್ತದೆ. ಕಂಡಷ್ಟನ್ನು ಕಾಗದದ ಮೇಲೆ ಬರೆದು, ಕಾಣದ ಕಡೆ ಚುಕ್ಕೆ ಇಡಿ. ಊಹೆಯಿಂದ ತುಂಬಬೇಡಿ.

‘ಐ-ಎಂ-ಪಿ’ ಎಂದರೆ ಇಂಪೆರಾಟರ್, ವಿಜಯಿ ದಂಡನಾಯಕ. ‘ಸಿ-ಎ-ಇ-ಎಸ್’ ಸೀಸರ್, ‘ಎ-ವಿ-ಜಿ’ ಅಗಸ್ಟಸ್. ಇವು ಬಿರುದುಗಳು, ಎಲ್ಲ ಚಕ್ರವರ್ತಿಗಳಿಗೂ ಹತ್ತಿಕೊಂಡಿರುತ್ತವೆ. ಅಗಸ್ಟಸ್ ಎಂದು ಕಂಡ ಕೂಡಲೇ ಮೊದಲನೆಯ ಚಕ್ರವರ್ತಿ ಎಂದು ಕುಣಿದಾಡುವ ಹಾಗಿಲ್ಲ. ‘ಡಿವಿ ಎಫ್’ ದೈವತ್ವ ಪಡೆದವನ ಮಗ, ‘ಪಿ-ಎಂ’ ಮಹಾ ಪುರೋಹಿತ, ‘ಪಿ-ಪಿ’ ರಾಷ್ಟ್ರಪಿತ. ‘ಜರ್ಮ್’, ‘ಡಾಕ್’, ‘ಪಾರ್ತ್’ ಎಂಬವು ಜರ್ಮನರು, ಡೇಸಿಯನ್ನರು, ಪಾರ್ಥಿಯನ್ನರ ಮೇಲಿನ ಗೆಲುವಿನ ಬಿರುದುಗಳು.

ಕಾಲ ಹೇಳುವುದು ಎರಡು ಸಂಕ್ಷೇಪಗಳು. ‘ಟಿ-ಆರ್-ಪಿ’ ಎಂದರೆ ಜನಪ್ರತಿನಿಧಿಯ ಅಧಿಕಾರ, ಅದು ವರ್ಷಕ್ಕೊಮ್ಮೆ ನವೀಕರಣವಾಗುತ್ತಿತ್ತು, ಅದರ ಮುಂದಿನ ಸಂಖ್ಯೆಯೂ ಒಂದೊಂದಾಗಿ ಏರುತ್ತಿತ್ತು. ‘ಸಿ-ಓ-ಎಸ್’ ಎಂದರೆ ಕಾನ್ಸುಲ್ ಪದವಿ, ಎಷ್ಟನೆಯ ಸಲ ಎಂಬುದು ಅದರ ಮುಂದೆ. ಡೊಮಿಷಿಯನ್‌ನ ಒಂದು ದಿನಾರಿಯಸ್ ತೆಗೆದುಕೊಳ್ಳಿ. ಮುಂಬದಿಯಲ್ಲಿ ‘ಟಿ-ಆರ್-ಪಿ’ 11, ಹಿಂಬದಿಯಲ್ಲಿ ಗುರಾಣಿ ಹಿಡಿದ ಮಿನರ್ವ ದೇವತೆಯ ಸುತ್ತ ‘ಸಿ-ಓ-ಎಸ್’ 16 (ರೋಮನ್ ಅಂಕಿಗಳಲ್ಲಿ). ಅವನು ಪಟ್ಟಕ್ಕೆ ಬಂದದ್ದು ಕ್ರಿ.ಶ. 81ರ ಸೆಪ್ಟೆಂಬರಿನಲ್ಲಿ. ಹಾಗಾದರೆ ಹನ್ನೊಂದನೆಯ ವರ್ಷ 91ರ ಸೆಪ್ಟೆಂಬರಿನಿಂದ 92ರ ಸೆಪ್ಟೆಂಬರಿನವರೆಗೆ. ಹದಿನಾರನೆಯ ಸಲ ಕಾನ್ಸುಲ್ ಆದದ್ದು 92ರ ಜನವರಿಯಲ್ಲಿ. ಎರಡನ್ನೂ ಸೇರಿಸಿದರೆ ಈ ನಾಣ್ಯ ಹೊಡೆದದ್ದು 92ರ ಜನವರಿ ಮತ್ತು ಸೆಪ್ಟೆಂಬರ್ ನಡುವೆ ಎಂದು ಸಿಗುತ್ತದೆ. ಒಂದು ಚೂರು ಬೆಳ್ಳಿಯಿಂದ ಎಂಟೂವರೆ ತಿಂಗಳ ಅವಧಿಯನ್ನು ಇಷ್ಟು ಖಚಿತವಾಗಿ ಹೊರತೆಗೆಯಬಹುದು ಎಂಬುದು ನನಗೆ ಇಂದಿಗೂ ಬೆರಗು.

ಮುಖಕ್ಕೂ ಸ್ವಲ್ಪ ಕೆಲಸವಿದೆ. ಟ್ರೇಜನ್‌ನವರೆಗಿನ ಚಕ್ರವರ್ತಿಗಳು ಸಾಮಾನ್ಯವಾಗಿ ಗಡ್ಡ ಬೋಳಿಸಿದವರು. ತುಂಬು ಗಡ್ಡ ಬಿಡುವ ರೂಢಿ ಹಾಡ್ರಿಯನ್‌ನಿಂದ ಶುರು. ಪೂರ್ತಿ ಗಡ್ಡವಿದ್ದರೆ ನಾಣ್ಯ ಕ್ರಿ.ಶ. 117ರ ಅನಂತರದ್ದು ಎಂದಿಟ್ಟುಕೊಂಡು ಹುಡುಕಾಟ ಶುರುಮಾಡಬಹುದು. ಬರಿದಲೆಯ ಹುಡುಗನಾದರೆ ಅನೇಕ ಸಲ ಅವನು ‘ಸೀಸರ್’, ಅಂದರೆ ಯುವರಾಜ.

ಎಲ್ಲರನ್ನೂ ಕಾಡುವ ಗೊಂದಲ ‘ಅಂಟೋನಿನಸ್’ ಎಂಬ ಹೆಸರಿನದು. ಅಂಟೋನಿನಸ್ ಪಯಸ್, ಮಾರ್ಕಸ್ ಅರೇಲಿಯಸ್, ಕೊಮೊಡಸ್, ಕಾರಕಲ್ಲ, ಎಲಗಬಲಸ್ ಐವರೂ ಈ ಹೆಸರನ್ನು ನಾಣ್ಯದ ಮೇಲೆ ಹಾಕಿಸಿದರು. ಪದಗಳ ಕ್ರಮ ನೋಡಿ. ‘ಅಂಟೋನಿನಸ್ ಎ-ವಿ-ಜಿ ಪಯಸ್’ ಎಂದು ‘ಪಯಸ್’ ಕೊನೆಗೆ ಬಂದರೆ ಅವನು 138ರಿಂದ 161ರವರೆಗೆ ಆಳಿದ ಅಂಟೋನಿನಸ್ ಪಯಸ್. ‘ಅಂಟೋನಿನಸ್ ಪಯಸ್ ಎ-ವಿ-ಜಿ’ ಎಂದು ‘ಪಯಸ್’ ಮೊದಲು ಬಂದರೆ ಕಾರಕಲ್ಲ ಅಥವಾ ಎಲಗಬಲಸ್. ಕೊನೆಯಲ್ಲಿ ‘ಜರ್ಮ್’ ಇದ್ದು ಮುಖದ ಮೇಲೆ ಗಂಟಿಕ್ಕಿದ ಹುಬ್ಬಿದ್ದರೆ 213–217ರ ಕಾರಕಲ್ಲ. ಮೊದಲಿಗೆ ‘ಐ-ಎಂ-ಪಿ’ ಇದ್ದು ಹಿಂಬದಿಯ ಖಾಲಿ ಜಾಗದಲ್ಲಿ ಒಂದು ನಕ್ಷತ್ರ ಇದ್ದರೆ ಬಹುಮಟ್ಟಿಗೆ ಎಲಗಬಲಸ್ (218–222). ಅವನ ಕೊನೆಗಾಲದ ನಾಣ್ಯಗಳಲ್ಲಿ ಹಣೆಯ ಮೇಲೆ ಕೊಂಬಿನಂಥದ್ದೊಂದು ಚಾಚಿಕೊಂಡಿರುತ್ತದೆ, ಕಾರಕಲ್ಲನಿಗೆ ಅದಿಲ್ಲ. ಆದರೂ ಅನುಮಾನವಿದ್ದರೆ ‘ಟಿ-ಆರ್-ಪಿ’ ಸಂಖ್ಯೆ ನೋಡಿ: ಎಲಗಬಲಸ್‌ನದು 5 ದಾಟುವುದಿಲ್ಲ, ‘ಜರ್ಮ್’ ಬಿರುದಿನ ಕಾಲದ ಕಾರಕಲ್ಲನದು 16ರಿಂದ 20.

ರಾಣಿಯರಲ್ಲೂ ಬರಹವೇ ದಿಕ್ಕು. ‘ಡಿವಾ ಫೌಸ್ಟಿನಾ’ ಎಂದಿದ್ದರೆ ಸಾಮಾನ್ಯವಾಗಿ ಅಂಟೋನಿನಸ್ ಪಯಸ್‌ನ ಹೆಂಡತಿ, ಸತ್ತ ಮೇಲೆ ದೇವತೆಯಾದವಳು. ಬರೀ ‘ಫೌಸ್ಟಿನಾ ಅಗಸ್ಟಾ’ ಎಂದಿದ್ದರೆ ಹೆಚ್ಚಾಗಿ ಅವಳ ಮಗಳು, ಮಾರ್ಕಸ್‌ನ ಹೆಂಡತಿ. ಇಬ್ಬರನ್ನೂ ಹೆರಳಿನಿಂದ ಬೇರೆ ಮಾಡಬಹುದು: ತಾಯಿಯದು ನೆತ್ತಿಯ ಮೇಲೆ ಸುತ್ತಿದ ಗಂಟು, ಮಗಳದು ಕತ್ತಿನ ಹಿಂದಿನ ತುರುಬು. ಸೆಪ್ಟಿಮಿಯಸ್ ಸೆವೆರಸ್‌ನ ಹೆಂಡತಿಯ ಹೆಸರು 196ರವರೆಗೆ ‘ಯೂಲಿಯಾ ಡೋಮ್ನಾ’, ಆಮೇಲೆ ಗಂಡ ಬದುಕಿರುವವರೆಗೆ ‘ಯೂಲಿಯಾ ಅಗಸ್ಟಾ’, ಮಗ ಕಾರಕಲ್ಲನ ಕಾಲಕ್ಕೆ ‘ಯೂಲಿಯಾ ಪಿಯಾ ಫೆಲಿಕ್ಸ್’.

ಹಿಂಬದಿಯ ದೇವತೆಗಳನ್ನು ನಮ್ಮ ದೇವಸ್ಥಾನದ ವಿಗ್ರಹಗಳನ್ನು ಗುರುತಿಸುವ ಹಾಗೆಯೇ ಗುರುತಿಸಬೇಕು: ಮುಖದಿಂದಲ್ಲ, ಕೈಯಲ್ಲಿರುವುದರಿಂದ. ಶಂಖ ಚಕ್ರ ಕಂಡರೆ ವಿಷ್ಣು ಎನ್ನುವಂತೆ ತಕ್ಕಡಿ ಕಂಡರೆ ಈಕ್ವಿಟಾಸ್ ಅಥವಾ ಮೊನೆಟಾ, ಹಡಗಿನ ಚುಕ್ಕಾಣಿ ಕಂಡರೆ ಫಾರ್ಚುನಾ, ಹಾವಿಗೆ ಉಣಿಸುತ್ತಿದ್ದರೆ ಆರೋಗ್ಯದ ಸಾಲುಸ್, ಒಂದು ಕೈಯಲ್ಲಿ ಹೂ ಹಿಡಿದು ಇನ್ನೊಂದರಲ್ಲಿ ಸೆರಗು ಎತ್ತಿದ್ದರೆ ಭರವಸೆಯ ಸ್ಪೆಸ್. ರೆಕ್ಕೆ ಇದ್ದರೆ ವಿಕ್ಟೋರಿಯಾ. ಟೊಪ್ಪಿಗೆ ಹಿಡಿದವಳು ಲಿಬರ್ಟಾಸ್, ಏಕೆಂದರೆ ರೋಮಿನಲ್ಲಿ ಬಿಡುಗಡೆಯಾದ ಗುಲಾಮ ಅಂಥ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ. ಹೆಸರು ಪಕ್ಕದಲ್ಲೇ ಬರೆದಿರುವುದೂ ಉಂಟು.

ಬೆಳ್ಳಿಯೆಲ್ಲ ದಿನಾರಿಯಸ್ ಅಲ್ಲ. ಸೆಪ್ಟಿಮಿಯಸ್ ಸೆವೆರಸ್‌ನ ಕಾಲಕ್ಕೆ ಅದರಲ್ಲಿ ಬೆಳ್ಳಿ ಸುಮಾರು ಅರ್ಧಕ್ಕೆ ಇಳಿದಿತ್ತು. 215ರಲ್ಲಿ ಕಾರಕಲ್ಲ 5 ಗ್ರಾಂ ಆಸುಪಾಸಿನ ಇನ್ನೊಂದು ನಾಣ್ಯ ತಂದ. ಇಂದಿನವರು ಅದನ್ನು ಅಂಟೋನಿನಿಯಾನಸ್ ಎನ್ನುತ್ತಾರೆ. ಇದನ್ನು ಗುರುತಿಸುವುದು ಸುಲಭ: ಚಕ್ರವರ್ತಿಯ ತಲೆಯ ಮೇಲೆ ಎಲೆಯ ಮಾಲೆಯ ಬದಲು ಮೊನೆ ಮೊನೆಯಾಗಿ ಎದ್ದ ಕಿರಣಗಳ ಕಿರೀಟ, ರಾಣಿಯಾದರೆ ಎದೆಯ ಕೆಳಗೆ ಅರ್ಧಚಂದ್ರ. 238ರಿಂದ 244ರವರೆಗೆ ಆಳಿದ ಮೂರನೆಯ ಗಾರ್ಡಿಯನ್‌ನವು ಬೇಕಾದಷ್ಟು ಸಿಗುತ್ತವೆ, ಹೊಸಬರು ಓದಿ ಕಲಿಯಲು ಅವು ಚೆನ್ನ. ಗ್ಯಾಲಿಯೆನಸ್‌ನ ಕೊನೆಯ ವರ್ಷಗಳಿಗೆ (260–268) ಬರುವಾಗ ಇದು ಹೆಸರಿಗಷ್ಟೇ ಬೆಳ್ಳಿ, ತಾಮ್ರದ ಬಣ್ಣವೇ ಎದ್ದು ಕಾಣುತ್ತದೆ. 294ರ ಸುಮಾರಿಗೆ ಡಯೊಕ್ಲೀಷಿಯನ್ ಮತ್ತೆ ಒಳ್ಳೆಯ ಬೆಳ್ಳಿಯ ಅರ್ಜೆಂಟಿಯಸ್ ಹೊಡೆಸಿದ. ಕೋಟೆಯ ಮುಂದೆ ನಾಲ್ವರು ದೊರೆಗಳು ಹೋಮ ಮಾಡುತ್ತಿರುವ ಚಿತ್ರ ಅದರದು. ನಾಲ್ಕನೆಯ ಶತಮಾನದ ತೆಳು ಸಿಲಿಕ್ವಾ 2 ಗ್ರಾಂ ಆಸುಪಾಸು, ಹಿಂಬದಿಯಲ್ಲಿ ಹಾರದೊಳಗೆ ಹರಕೆಯ ವರ್ಷಗಳ ಅಂಕಿ, ತಳದಲ್ಲಿ ಟಂಕಸಾಲೆಯ ಗುರುತು. ಬರಹ ಗ್ರೀಕ್ ಲಿಪಿಯಲ್ಲಿದ್ದರೆ ಅದು ಪೂರ್ವ ಪ್ರಾಂತ್ಯಗಳ ನಾಣ್ಯ, ಅದರ ಪಟ್ಟಿಯೇ ಬೇರೆ.

ನಕಲಿ ಎರಡು ಬಗೆ. ಮೊದಲನೆಯದು ಪುರಾತನ ನಕಲಿ: ತಾಮ್ರದ ಬಿಲ್ಲೆಗೆ ಬೆಳ್ಳಿಯ ಹೊದಿಕೆ. ಹೊದಿಕೆ ಒಡೆದ ಕಡೆ ಹಸಿರು ಇಣುಕುತ್ತದೆ, ತೂಕ ಅರ್ಧ ಗ್ರಾಂ, ಒಂದು ಗ್ರಾಂ ಕಡಿಮೆ ಬರುತ್ತದೆ. ಎರಡನೆಯದು ಈಗಿನ ಕಾಲದ್ದು. ಎರಕ ಹೊಯ್ದದ್ದಾದರೆ ಅಂಚಿನ ಸುತ್ತ ಅರದಿಂದ ಉಜ್ಜಿದ ಸಂದಿನ ಗೆರೆ, ಮೈಮೇಲೆ ಗುಳ್ಳೆಯ ಸಣ್ಣ ತೂತು, ಅಕ್ಷರಗಳ ಬುಡ ಸೋಪಿನ ಹಾಗೆ ಮೊಂಡು. ನಿಜವಾದ ನಾಣ್ಯ ಸುತ್ತಿಗೆ ಏಟಿಗೆ ಹರಡಿದ್ದು. ಅದರ ಅಂಚಿನಲ್ಲಿ ಸಣ್ಣ ಬಿರುಕಿರುತ್ತದೆ, ಅಕ್ಷರಗಳಿಂದ ಅಂಚಿನ ಕಡೆಗೆ ಲೋಹ ಹರಿದ ಗೆರೆ ಕಾಣುತ್ತದೆ, ಚಿತ್ರ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಒಂದೇ ಬಿರುಕು, ಒಂದೇ ಓರೆ, ಒಂದೇ ಗೀರು ಇರುವ ಎರಡು ನಾಣ್ಯ ಕಂಡರೆ ಎರಡನ್ನೂ ನಂಬಬೇಡಿ. ಕೈಯಿಂದ ಹೊಡೆದ ಎರಡು ನಾಣ್ಯಗಳು ಅಷ್ಟು ಸಮನಾಗಿ ಬರಲು ಸಾಧ್ಯವೇ ಇಲ್ಲ.

ನೀರಿನಲ್ಲಿ ತೂಗುವ ಪರೀಕ್ಷೆಯೂ ಇದೆ. ಲೋಟದ ನೀರಿನಲ್ಲಿ ದಾರ ಕಟ್ಟಿ ತೂಗಿದಾಗ 3.70 ಗ್ರಾಂ ನಾಣ್ಯ 0.36 ಗ್ರಾಂ ಕಳೆದುಕೊಂಡರೆ ಸಾಂದ್ರತೆ ಸುಮಾರು 10.3, ಒಳ್ಳೆಯ ಬೆಳ್ಳಿ. ಶುದ್ಧ ಬೆಳ್ಳಿಯದು 10.5, ತಾಮ್ರದ್ದು 8.9. ಆದರೆ 0.01 ಗ್ರಾಂ ತಪ್ಪಿದರೂ ಉತ್ತರ 10.0 ಅಥವಾ 10.6 ಆಗಿಬಿಡುತ್ತದೆ. ತಾಮ್ರದ ತಿರುಳು ಹಿಡಿಯಲು ಇದು ಸಾಕು, ಅಗಸ್ಟಸ್‌ನ ಬೆಳ್ಳಿಯನ್ನು ನೀರೊನ ಬೆಳ್ಳಿಯಿಂದ ಬೇರೆ ಮಾಡಲು ಸಾಲದು. ಇನ್ನು, ಒಳ್ಳೆಯ ಬೆಳ್ಳಿಯಲ್ಲೇ ಮಾಡಿದ ನಕಲಿಯನ್ನು ಈ ಪರೀಕ್ಷೆ ಹಿಡಿಯುವುದಿಲ್ಲ.

ಒಂದು ಕಳಕಳಿಯ ಮಾತು: ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಅಕ್ಕಸಾಲಿಗರ ಆಸಿಡ್ ಯಾವುದೂ ಬೇಡ. ಕಪ್ಪು ಪದರದ ಜೊತೆ ಸಣ್ಣ ಅಕ್ಷರಗಳೂ ಹೋಗುತ್ತವೆ. ಹಳೆಯ ಬೆಳ್ಳಿ ಕಾಲಾಂತರದಲ್ಲಿ ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುತ್ತದೆ, ಕಲ್ಲು ನೆಲದ ಮೇಲೆ ಬಿದ್ದರೆ ಎರಡು ತುಂಡಾಗಬಹುದು. ಮೇಜಿನ ಮೇಲೆ ಬಟ್ಟೆ ಹಾಸಿಕೊಂಡು, ಅಂಚು ಹಿಡಿದು ನೋಡಿ.

ನೆಲದಲ್ಲಿ ಸಿಕ್ಕಿದ್ದಾದರೆ ಮಾತು ಬೇರೆ. ನಿಧಿ ಕಾಯ್ದೆಯ ಪ್ರಕಾರ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷಕ್ಕೆ ಹಳೆಯ ನಾಣ್ಯವನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಒಯ್ಯುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ತಡೆಯುತ್ತದೆ. ಮಡಕೆಯನ್ನೂ ನಾಣ್ಯವನ್ನೂ ಇದ್ದ ಹಾಗೆಯೇ ಬಿಟ್ಟು ಸುದ್ದಿ ಕೊಡಿ. ಊರವರು ಹಂಚಿಕೊಂಡ ನಿಧಿಯಿಂದ ನಾಣ್ಯದ ಹೆಸರನ್ನು ಮಾತ್ರ ಹೇಳಬಹುದು, ಅದನ್ನು ಯಾವಾಗ ಹೂತರು ಎಂದು ಹೇಳಲು ಇಡೀ ಗುಂಪು ಬೇಕು.

ಇಷ್ಟೆಲ್ಲ ಆದ ಮೇಲೆ ಪಟ್ಟಿಯಲ್ಲಿ ಹುಡುಕುವುದು. 1923ರಲ್ಲಿ ಮೊದಲ ಸಂಪುಟ ಬಂದ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಗ್ರಂಥಮಾಲೆಯ ಸಂಖ್ಯೆಯನ್ನೇ ಜಗತ್ತಿನ ಸಂಗ್ರಹಾಲಯಗಳೆಲ್ಲ ಬಳಸುತ್ತವೆ. ಅದೇ ಪಟ್ಟಿಯನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ‘ಓಕ್ರೆ’ ಎಂಬ ಉಚಿತ ಜಾಲತಾಣದಲ್ಲಿ ಚಿತ್ರಗಳ ಸಮೇತ ಇಟ್ಟಿದೆ. ಅಲ್ಲಿ ಚಕ್ರವರ್ತಿಯ ಹೆಸರು, ಬೆಳ್ಳಿ, ದಿನಾರಿಯಸ್ ಎಂದು ಆರಿಸಿ, ನೀವು ಚುಕ್ಕೆ ಇಟ್ಟು ಬರೆದುಕೊಂಡ ಬರಹದೊಂದಿಗೆ ಹೋಲಿಸಿ. ಅಲಂಕಾರದ ಕಾಲಿನ ಕುರ್ಚಿ, ಕೆಳಗೆ ಒಂದೇ ಗೆರೆ ಇರುವ ಟೈಬೀರಿಯಸ್ ಆದರೆ ಅವನ ವಿಭಾಗದ 30ನೆಯ ಸಂಖ್ಯೆ. ಕಣ್ಣಾರೆ ನೋಡಿ ಪಳಗಬೇಕೆಂದರೆ ಚೆನ್ನೈನ ಎಗ್ಮೋರ್ ಸರ್ಕಾರಿ ಸಂಗ್ರಹಾಲಯಕ್ಕೆ ಹೋಗಿ, ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ.

ಗುರುತು ಸಿಕ್ಕ ಮೇಲೆ ತೂಕ, ಅಗಲ, ಓದಿದ ಬರಹ, ಸಂಖ್ಯೆ, ಯಾರಿಂದ ಯಾವಾಗ ಬಂತು ಎಂಬುದನ್ನೆಲ್ಲ ಕಾಗದದ ಲಕೋಟೆಯ ಮೇಲೆ ಬರೆದು ನಾಣ್ಯವನ್ನು ಅದರೊಳಗೆ ಇಡಿ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಚೀಲ ಬೇಡ, ಕೆಲವು ವರ್ಷಕ್ಕೆ ಅದು ಬೆವತು ಬೆಳ್ಳಿಯ ಮೇಲೆ ಹಸಿರು ಜಿಡ್ಡು ಬಿಡುತ್ತದೆ.